ಎರಡು ತವರಿನ ಅತ್ತೆ

ಅತ್ತೆಯ ಎರಡೂ ಮುಂಗೈಗಳ ಮೇಲೆ ಹಸಿರು ಹಚ್ಚೆ ಇತ್ತು. ಬಲಗೈಯಲ್ಲಿ ಒಡಹುಟ್ಟಿದ ಅಣ್ಣನ ಹೆಸರು, ಎಡಗೈಯಲ್ಲಿ ಸಾಕಿದ ಮನೆಯ ತಮ್ಮನ ಹೆಸರು. ರೊಟ್ಟಿ ಬಡಿಯುವಾಗ ಎರಡರ ಮೇಲೂ ಜೋಳದ ಹಿಟ್ಟು ಕೂತಿರುತ್ತಿತ್ತು. "ಯಾವ ಕೈ ಹೆಚ್ಚು, ಅತ್ತಿ?" ಎಂದು ನಾನು ಕಾಡಿದರೆ, "ಒಂದ ಕೈಲೆ ರೊಟ್ಟಿ ಆಗ್ತದೇನ ಹುಚ್ಚಿ?" ಅನ್ನುತ್ತಿದ್ದರು.

ಗಾದಿಗನೂರಿನಲ್ಲಿ ಹುಟ್ಟಿದ ಅವರನ್ನು, ಮಕ್ಕಳಿಲ್ಲದ ಸೋದರತ್ತೆ ಚಿತ್ತವಾಡ್ಗಿಗೆ ಕರೆದೊಯ್ದು ಸಾಕಿದ್ದರು. ಇವರು ಕಾಲಿಟ್ಟ ಮೇಲೆ ಆ ಮನೆಯಲ್ಲೂ ಒಂದು ಗಂಡು ಹುಟ್ಟಿತು. "ನನ್ನ ಕಾಲ್ಗುಣ" ಎಂದು ಅತ್ತೆ ಬೀಗುತ್ತಿದ್ದುದು ನಮಗೆಲ್ಲ ಬಾಯಿಪಾಠ. ಮದುವೆಯಾಗಿ ಎಮ್ಮಿಗನೂರಿಗೆ ಬಂದ ಮೇಲೂ ಪಂಚಮಿ ಹಬ್ಬಕ್ಕೆ ಒಂದು ವರ್ಷ ಅಣ್ಣನ ಮನೆ, ಒಂದು ವರ್ಷ ತಮ್ಮನ ಮನೆ. ನಾನು ಸೊಸೆಯಾಗಿ ಬಂದಾಗ ಇವರಷ್ಟು ಪುಣ್ಯವಂತೆ ಊರಲ್ಲೇ ಇಲ್ಲ ಅನಿಸಿತ್ತು.

ಆಮೇಲೆ ಅದಿರಿನ ಕಾಲ ಬಂತು. ಚಿತ್ತವಾಡ್ಗಿಯ ತಮ್ಮ ಲಾರಿ ಕೊಂಡರು. ಅದಿರು ಸುರಿಯಲು ಅಣ್ಣನ ಹೊಲವನ್ನೇ ಬಾಡಿಗೆಗೆ ಹಿಡಿದರು. ಮೊದಮೊದಲು ಕೂಡಿ ಉಂಡವರು ಆ ಹೊಲದ ವಿಷಯಕ್ಕೇ ಕೊರಳಪಟ್ಟಿ ಹಿಡಿದುಕೊಂಡರು. ಜಗಳದ ಬಿಸಿ ಆರುವ ಮೊದಲೇ, ಸಂಡೂರಿನಿಂದ ಬರುತ್ತಿದ್ದ ತಮ್ಮನ ಲಾರಿ ಬೈಕಿನಲ್ಲಿದ್ದ ಅಣ್ಣನ ಒಬ್ಬನೇ ಮಗನ ಮೇಲೆ ಹರಿಯಿತು; ಹುಡುಗ ಅಲ್ಲೇ ತೀರಿಕೊಂಡ. "ಬೇಕಂತ ಹಾಯಿಸ್ಯಾನ" ಎಂದರು ಅಣ್ಣ. ಕೆಂಧೂಳಿನಲ್ಲಿ ಡ್ರೈವರನಿಗೆ ಕಂಡಿಲ್ಲ ಎಂದರು ತಮ್ಮ. ಯಾವುದು ನಿಜವೋ ದೇವರೇ ಬಲ್ಲ. ಆ ಹುಡುಗನನ್ನು ಎತ್ತಿ ಆಡಿಸಿದ್ದ ಅತ್ತೆ ಎರಡೂ ಮನೆಗಳಲ್ಲಿ ಅತ್ತು ಬಂದರು. ಎರಡೂ ಮನೆಯವರು ಆ ಅಳುವನ್ನು ನಂಬಲಿಲ್ಲ.

ವರ್ಷ ಕಳೆದು ಬಂದ ಪಂಚಮಿಗೆ ಇಬ್ಬರೂ ಒಂದೇ ಬೆಳಿಗ್ಗೆ ಕರೆಯಲು ಬಂದರು.

"ಅವನ ಮನಿ ನೀರು ಕುಡಿದ್ರ ನೀ ನನಗ ಸತ್ತಂಗ" ಎಂದರು ಅಣ್ಣ.

"ಉಣಿಸಿ ಬೆಳಿಸಿದ್ದು ನಮ್ಮವ್ವ. ನೆನಪಿರ್ಲಿ ಅಕ್ಕಾ" ಎಂದರು ತಮ್ಮ.

ಅತ್ತೆ ಹೊಸ್ತಿಲು ದಾಟಲಿಲ್ಲ. "ಇಬ್ಬರೂ ಕೂಡಿ ಒಂದ ಗಾಡ್ಯಾಗ ಬರ್ರಿ, ಬರ್ತೀನಿ. ಅಲ್ಲೀತನ ನನಗ ತವರ ಇಲ್ಲ."

ಆಮೇಲೆ ಅವರು ಯಾವ ತವರಿಗೂ ಹೋಗಲಿಲ್ಲ. ಹಬ್ಬದ ದಿನ ಹಿತ್ತಲಲ್ಲಿ ಸುಮ್ಮನೆ ಪಾತ್ರೆ ತಿಕ್ಕುತ್ತಾ ಕೂರುತ್ತಿದ್ದರು, ತೊಳೆದ ಪಾತ್ರೆಗಳನ್ನೇ. ಈ ಹಟಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಒಬ್ಬರನ್ನಾದರೂ ಉಳಿಸಿಕೊಳ್ಳಬಾರದೇ ಎಂದು ಕೇಳಿಯೇಬಿಟ್ಟೆ. "ಒಬ್ಬನ್ನ ಉಳಿಸ್ಕೊಂಡ್ರ ಇನ್ನೊಬ್ಬನ್ನ ನಾನ ಕೊಂದಂಗ, ಬ್ಯಾಡವ್ವ" ಎಂದರು. ಅಂಥ ನ್ಯಾಯವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅದು ಅವರನ್ನೇ ತಿಂದುಹಾಕಿತು.

ಅತ್ತೆ ತೀರಿಕೊಂಡ ದಿನ ಎರಡೂ ಕಡೆಗೆ ಫೋನ್ ಮಾಡಿದೆವು. ನಮ್ಮಲ್ಲಿ ಸತ್ತ ಹೆಣ್ಣಿಗೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. "ಅವ ಬಂದು ಹೋಗ್ಲಿ, ಆಮ್ಯಾಲ ಬರ್ತೀನಿ" ಎಂದರು ಅಣ್ಣ. ತಮ್ಮನದೂ ಅದೇ ಮಾತು. ಒಬ್ಬರು ಬಂದು ಹೋಗಲೆಂದು ಇನ್ನೊಬ್ಬರು ಕಾಯುತ್ತಾ ಹೊತ್ತು ಇಳಿಯಿತು. ಹಿರಿಯರು ಗೊಣಗತೊಡಗಿದರು. ನಾನು ಒಳಗೆ ಹೋಗಿ, ನನ್ನವ್ವ ಕೊಟ್ಟಿದ್ದ ಹೊಸ ಸೀರೆ ತಂದು, "ತವರಿಂದು ಬಂತ್ರಿ" ಎಂದು ಹೊದಿಸಿದೆ. ಯಾವ ತವರು ಎಂದು ಯಾರೂ ಕೇಳಲಿಲ್ಲ.

ಗಂಡಸರು ಮಣ್ಣು ಮುಗಿಸಿ ಬರುವಷ್ಟರಲ್ಲಿ ಅಣ್ಣ, ತಮ್ಮ ಇಬ್ಬರೂ ಬಂದು ಅಂಗಳದ ಎರಡು ತುದಿಗೆ ನಿಂತಿದ್ದರು. ಇಬ್ಬರ ಕೈಯಲ್ಲೂ ಸೀರೆ. ನಾನು ಅಂಗಳಕ್ಕಿಳಿದು ಇಬ್ಬರ ನಡುವೆ ನಿಂತೆ.

"ಈಗ ಒಂದ ಅಂಗಳದಾಗ ನಿಂತೀರಿ ಮಾವಾರ" ಎಂದೆ. "ನೋಡಾಕ ಅತ್ತಿ ಇಲ್ಲ."