ಸ್ಲ್ಯಾಬ್ ದಿನದ ಸೌಟು

ಹೈದರಾಬಾದಿನಲ್ಲಿ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಮೇಡಂ ಡಿಗ್ರಿ ಕೇಳಲಿಲ್ಲ. ಕುಡಿತ ಹೇಗೆ ಬಿಟ್ಟೆ ಎಂದು ಕೇಳಿದರು. ನಮ್ಮೂರು ಸೇಡಂನಲ್ಲಿ ನಮ್ಮವ್ವ ಯಾವ ಮಾತನ್ನು ಬೀಗರ ಮುಂದೆ ಮುಚ್ಚಿ ಮುಚ್ಚಿ ಇಟ್ಟಿದ್ದಳೋ, ಇಲ್ಲಿ ಅದಕ್ಕೇ ಸಂಬಳ!

ಕೆಲಸ ಪಟಾನ್‌ಚೆರುವಿನ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ. ನನ್ನಂಥವರನ್ನು ಪಿಯರ್ ಸಪೋರ್ಟರ್ ಅನ್ನುತ್ತಾರೆ, ಅಂದರೆ ತಾನು ಬಿಟ್ಟು, ಬಿಡುವವರ ಜೊತೆ ನಿಲ್ಲುವವನು. ಡಾಕ್ಟರು ಔಷಧಿ ಕೊಡುತ್ತಾರೆ, ನಾನು ಚಹಾ ಕೊಟ್ಟು ಮಾತಾಡಿಸುತ್ತೇನೆ. ಬಾಡಿಗೆಗೆ ಕೋಣೆ ಕೇಳಿದಾಗ ಒಬ್ಬ ಮಾಲೀಕ ನನ್ನ ಕೆಲಸ ಕೇಳಿಯೇ ಬಾಗಿಲು ಹಾಕಿದ. ಇನ್ನೊಬ್ಬರು ತಮ್ಮ ಅಳಿಯನನ್ನೂ ಸ್ವಲ್ಪ ನೋಡಪ್ಪಾ ಎಂದು ಕೀಲಿ ಕೈಗಿಟ್ಟರು. ತೆಲುಗು ಬಾರದ ಆ ದಿನಗಳಲ್ಲಿ ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ. ಆಗ ನನ್ನನ್ನು ಉಳಿಸಿದ್ದು ರಸ್ತೆ ಬದಿಯಲ್ಲಿ ಜೊನ್ನ ರೊಟ್ಟೆ, ಅಂದರೆ ನಮ್ಮ ಜೋಳದ ರೊಟ್ಟಿಯನ್ನೇ ಬಡಿಯುವ ಒಬ್ಬ ಅಕ್ಕ.

ಇಲ್ಲಿ ಸಂತೋಷಕ್ಕೆಲ್ಲ ಒಂದೇ ಹೆಸರು, ದಾವತ್. ಮನೆಗೆ ತಾರಸಿಯ ಸ್ಲ್ಯಾಬ್ ಹಾಕಿದ ದಿನವಂತೂ ಕೇಳಲೇಬೇಡಿ. ಮಾಲೀಕ ಕುರಿ ಕಡಿಸಿ, ಬಾಟಲಿ ತರಿಸಿ ಕೆಲಸದವರಿಗೆಲ್ಲ ಉಣಿಸಬೇಕು. ನಮ್ಮ ಕಡೆಯೂ ಊಟ ಹಾಕಿಸುತ್ತಾರೆ, ಆದರೆ ಬಾರದವನ ಮೇಲೆ ಯಾರೂ ಮುನಿಯುವುದಿಲ್ಲ. ಇಲ್ಲಿ ದಾವತ್ತಿಗೆ ಕೂಡದವನು ಗ್ಯಾಂಗಿನವನೇ ಅಲ್ಲ.

ಯಾದಗಿರಿ ಕಡೆಯ ಗಾರೆ ಕೆಲಸದ ಗೌಂಡಿ ಹಣಮಂತ ಕಾಕಾ ನಮ್ಮ ಕೇಂದ್ರಕ್ಕೆ ಬಂದು ಕುಡಿತ ಬಿಟ್ಟವರು. ಬಾಟಲಿ ಇರುವ ಕಡೆ ಕಾಲಿಡಬೇಡಿ ಎಂದು ತರಬೇತಿಯಲ್ಲಿ ಕಲಿತದ್ದನ್ನೇ ಅವರಿಗೆ ಒಪ್ಪಿಸಿದ್ದೆ. ಕಾಕಾ ನನ್ನ ಮಾತು ಕೇಳಿ ಒಂದು ಸ್ಲ್ಯಾಬಿನ ದಾವತ್ತಿಗೆ ಹೋಗಲಿಲ್ಲ. ಅವರ ಗ್ಯಾಂಗಿನ ಮೇಸ್ತ್ರಿ ಯಾದಯ್ಯನಿಗೆ ಅದು ಅವಮಾನವಾಯಿತು. ಮುಂದಿನ ಕೆಲಸಕ್ಕೆ ಬೇರೆ ಗೌಂಡಿಯನ್ನು ಕರೆದ. ಕಾಕಾ ನನ್ನೆದುರು ಬಂದು ಕುಳಿತರು.

"ಕುಡದ್ರ ಜೀವ ಹೋಗ್ತದ, ಕುಡೀದಿದ್ರ ಕೆಲಸ ಹೋಗ್ತದ. ನಾ ಏನ್ ಮಾಡ್ಲಿ ಹೇಳು ತಮ್ಮಾ?"

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಸಂಜೆ ರೊಟ್ಟಿ ತಿನ್ನುತ್ತ, ಬೆಳಗಿನಿಂದ ಒಲೆ ಮುಂದಿದ್ದೀರಿ, ನೀವೂ ಒಂದು ತುತ್ತು ತಿನ್ನಿ ಎಂದು ಆ ಅಕ್ಕನಿಗೆ ಹೇಳಿದೆ. ಬಡಿಸುವ ಕೈ ಎಂಗಿಲಿ ಆಗಬಾರದು ಎಂದಳು. ನಮ್ಮ ಎಂಜಲೇ ಇಲ್ಲಿಯ ಎಂಗಿಲಿ. ನಮ್ಮವ್ವನೂ ಪಂಕ್ತಿ ಏಳುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಆಹಾ, ದಾರಿ ಸಿಕ್ಕಿತು ಅನ್ನಿಸಿತು.

ಮರುದಿನ ಕಾಕಾನಿಗೆ ಉಪಾಯ ಹೇಳಿ, ಅವರನ್ನು ಕರೆದುಕೊಂಡು ಯಾದಯ್ಯನ ಹತ್ತಿರ ಹೋದೆ. ಈ ಸಲ ದಾವತ್ತಿಗೆ ಖಂಡಿತ ಬರುತ್ತಾರೆ ಎಂದು ಮಾತು ಕೊಟ್ಟ ಮೇಲೆ, ಗೊಣಗುತ್ತಲೇ ಮಣಿಕೊಂಡದ ಮನೆಯೊಂದರ ಸ್ಲ್ಯಾಬಿಗೆ ಒಪ್ಪಿದ.

ಸ್ಲ್ಯಾಬ್ ಮುಗಿದು ಪಂಕ್ತಿ ಕೂತಾಗ ಕಾಕಾ ಮಟನ್ ಬಕೆಟ್ಟು ಮತ್ತು ಸೌಟು ಹಿಡಿದರು, ಜೊತೆಗೆ ಹೋಗಿದ್ದ ನಾನು ಅನ್ನ ಹಿಡಿದೆ. ಯಾದಯ್ಯ ಗ್ಲಾಸು ತುಂಬಿ ಕಾಕಾನ ಮೂಗಿನ ಹತ್ತಿರವೇ ಚಾಚಿದ. ಕಾಕಾ ಗ್ಲಾಸಿಗೆ ಸೌಟು ಅಡ್ಡ ಹಿಡಿದರು.

"ಬಡಿಸೋ ಕೈ ಅದ ಯಾದಯ್ಯಾ," ಅಂದರು ಕಾಕಾ. "ಎಂಗಿಲಿ ಮಾಡಬ್ಯಾಡ."

ಯಾದಯ್ಯ ಅವರ ಮುಖ ನೋಡಿದ, ಸೌಟು ನೋಡಿದ. ಗ್ಲಾಸು ಕೆಳಗಿಟ್ಟು ತಟ್ಟೆ ಮುಂದೆ ಮಾಡಿ, ಹಾಗಾದರೆ ನನಗೊಂದು ಒಳ್ಳೆ ಎಲುಬು ಹಾಕು ಅಂದ. ಪಂಕ್ತಿ ಏಳುವ ಹೊತ್ತಿಗೆ ಬಾಟಲಿಗಳೆಲ್ಲ ಖಾಲಿ. ಕೊನೆಗೆ ನಾವಿಬ್ಬರೇ ಕೂತು, ಕುಸ್ತಿ ಗೆದ್ದವರ ಹಾಗೆ ಉಂಡೆವು. ಈಗ ಆ ಗ್ಯಾಂಗಿನಲ್ಲಿ ಸೌಟು ಕಾಕಾನದೇ, ಗಾರೆಯ ಕರಣೆಯೂ ಅವರದೇ.

ಮೊನ್ನೆ ತಂಗಿಯ ಮದುವೆಯ ಮಾತಿಗೆ ಅಣ್ಣನಿಗೆ ಫೋನ್ ಮಾಡಿ, ಬಡಿಸುವ ಕೆಲಸ ನನಗಿರಲಿ ಅಂದೆ. ಬಡಿಸಲು ಬೇರೆ ಮಂದಿ ಇದ್ದಾರೆ, ನೀನು ಬೀಗರ ಕಣ್ಣಿಗೆ ಬೀಳದಿದ್ದರೆ ಸಾಕು ಎಂದ. ಹೈದರಾಬಾದಿನಲ್ಲಿ ನಾನು ಎಲ್ಲರಿಗೂ 'ಅನ್ನಾ', ಅಂದರೆ ಅಣ್ಣ, ಸೇಡಂನಲ್ಲಿ ಇನ್ನೂ ಕುಡುಕನೇ. ಆದರೂ ಮದುವೆಯೂಟ ಅಂದರೆ ನನಗೆ ನೆನಪಾಗುವುದು ಅದೇ ಊರು. ಕಾಕಾನ ಮುಂದೆ ಇದನ್ನೆಲ್ಲ ಹೇಳಿಕೊಂಡೆ.

"ಅವತ್ತ ನೀ ನನ್ನ ಜೋಡಿ ಬಂದಿದ್ದಿ," ಅಂದರು ಕಾಕಾ. "ಈಗ ನಾ ಬರ್ತೀನಿ ನಡಿ. ಇಬ್ರೂ ಬಡಿಸೋಣು."

ಸೇಡಂ ಬಸ್ಸಿಗೆ ಎರಡು ಸೀಟು ಬುಕ್ ಮಾಡಿಸಿದ್ದೇನೆ.