ಉಕ್ಕಿನ ಟ್ರಂಪೆಟ್

ಗಂಡನಿಗೆ ಹಿತ್ತಾಳೆ ಆಗಿಬರಲಿಲ್ಲ. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನಿಗೆ ಇದಕ್ಕಿಂತ ಗ್ರಹಚಾರ ಬೇಕೆ? ಮೊದಲು ತುಟಿ ಊದಿಕೊಂಡಿತು, ಆಮೇಲೆ ಅಂಗೈ ಬಿರಿಯಿತು. ಇನ್ನು ಹಿತ್ತಾಳೆ ಮುಟ್ಟಲೇಬೇಡಿ ಅಂದುಬಿಟ್ಟರು ಡಾಕ್ಟರು.

ಹೆಂಡತಿ ವಾದ್ಯ ರಿಪೇರಿ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. "ನೀವು ಸುಮ್ನೆ ಕೂತ್ಕೊಳ್ಳಿ, ಬೇರೆ ಲೋಹದಲ್ಲಿ ಮಾಡ್ಕೊಡ್ತೀನಿ" ಎಂದು ಪಟ್ಟು ಹಿಡಿದಳು. ತಾಮ್ರದಲ್ಲಿ ಮಾಡಿದಳು, ದನಿ ಕಂಬಳಿ ಹೊದ್ದುಕೊಂಡಂತೆ ಬಂತು. ಅಲ್ಯೂಮಿನಿಯಂಗೆ ಬೆಸುಗೆಯೇ ಕೂರಲಿಲ್ಲ. ಕೊನೆಗೆ ಉಳಿದದ್ದು ಸ್ಟೀಲು, ಬಡಿದಷ್ಟೂ ಗಡುಸಾಗಿ ಬಿರುಕು ಬಿಡುವ ಹಟಮಾರಿ. ಕೆಂಪಗೆ ಕಾಯಿಸಿ, ಆರಿಸಿ, ಮತ್ತೆ ಬಡಿದು, ಟ್ರಂಪೆಟ್ಟಿನ ಅಗಲ ಬಾಯಿಯನ್ನು ಕಾಗದದಷ್ಟು ತೆಳ್ಳಗೆ ಮಾಡಿದಳು. ಓಣಿಯವರು ಅವಳನ್ನು ತಗಡಕ್ಕ ಎಂದು ಕರೆಯತೊಡಗಿದರು. "ಪಾತ್ರೆ ಊದ್ತಿದ್ದೀಯೇನಯ್ಯ?" ಎಂದು ನಕ್ಕ ಬ್ಯಾಂಡಿನವರು ದನಿ ಕೇಳಿದ ಮೇಲೆ ತೆಪ್ಪಗಾದರು. ಅದರಲ್ಲೊಂದು ಸಣ್ಣ ನಡುಕವಿತ್ತು, ಅಳು ನುಂಗಿಕೊಂಡವರ ಮಾತಿನ ಹಾಗೆ.

ಕೆಲವು ವರ್ಷ ಅವನು ಅದನ್ನೇ ಊದಿದ. ಒಂದು ದಿನ ಅಭ್ಯಾಸಕ್ಕೆ ಹೊರಟವನು ಬಾಗಿಲಲ್ಲೇ ಕುಸಿದ, ಮತ್ತೆ ಏಳಲಿಲ್ಲ.

ಟ್ರಂಪೆಟ್ಟನ್ನು ಅವಳು ಒಳಕೋಣೆಯ ಗೋಡೆಗೆ ನೇತುಹಾಕಿದಳು. ಎಷ್ಟೋ ದಿನಗಳ ಮೇಲೆ ಮತ್ತೆ ಸುತ್ತಿಗೆ ಹಿಡಿದಾಗ ಒಳಗಿನಿಂದ ಯಾರೋ ಗುನುಗಿದರು. ಸುತ್ತಿಗೆ ನಿಲ್ಲಿಸಿದಳು. ಅದೂ ನಿಂತಿತು.

ಜೊತೆಗಿದ್ದ ನಾದಿನಿ ಒಳಕೋಣೆಯತ್ತ ಬೆರಳು ತೋರಿಸಿದಳು. "ಅತ್ತಿಗೆ... ಅಣ್ಣ!"

"ತೆಳು ತಗಡು ಕಣೆ. ಇಲ್ಲಿ ಸದ್ದಾದ್ರೆ ಅಲ್ಲಿ ಅದುರುತ್ತೆ, ಅಷ್ಟೇ."

ಹಾಗಂದಳೇ ಹೊರತು ಅವಳೂ ಒಳಕೋಣೆಯ ಕಡೆಗೇ ನೋಡುತ್ತಿದ್ದಳು. ನಾದಿನಿ ಟ್ರಂಪೆಟ್ಟಿನ ಬಾಯಿಗೆ ಹಳೆ ಬಟ್ಟೆ ತುರುಕಿದಳು. ಮನೆ ಬಿಕೋ ಎಂದಿತು. ಯಾರದೋ ಉಸಿರು ಕಟ್ಟಿಸಿದ ಹಾಗಾಗಿ, ಸಂಜೆಯೊಳಗೆ ತಗಡಕ್ಕನೇ ಬಟ್ಟೆ ಕಿತ್ತುಹಾಕಿದಳು. ಮಾರನೆಯ ದಿನ ನಾದಿನಿ ಗಂಟುಮೂಟೆ ಕಟ್ಟಿದಳು.

ಮುಂದೊಮ್ಮೆ ಬೇರೆ ಊರಿನ ಬ್ಯಾಂಡಿನ ಹೆಂಗಸೊಬ್ಬಳು ಬಂದಳು. ಅವಳಿಗೂ ಹಿತ್ತಾಳೆ ಆಗದಂತೆ. ತಗಡಕ್ಕನ ಗಂಡ ಊದುತ್ತಿದ್ದ ಸ್ಟೀಲಿನ ಟ್ರಂಪೆಟ್ಟನ್ನೇ ಕೇಳಿದಳು.

"ಅದು ಬೇಡ, ಹೊಸದು ಮಾಡ್ಕೊಡ್ತೀನಿ" ಎಂದಳು ತಗಡಕ್ಕ.

ಹೊಸದು ತಯಾರಾಯಿತು. ಹೆಂಗಸು ಮುಂದಿನ ಕೋಣೆಯಲ್ಲಿ ನಿಂತು ಊದಿದಳು. ಒಳಗಿನಿಂದ ಅದೇ ಸ್ವರ, ಒಂಚೂರು ತಡವಾಗಿ, ತಗ್ಗಿದ ದನಿಯಲ್ಲಿ ಬಂತು. ಅವಳು ಬೆಚ್ಚಿ ಊದುವುದನ್ನು ನಿಲ್ಲಿಸಿದಳು.

"ಒಳಗೆ ಯಾರಿದ್ದಾರೆ?"

"ನಮ್ಮನೆಯವರು. ನೀನು ಊದಮ್ಮ, ನಿಲ್ಲಿಸ್ಬೇಡ."

ಹೆಂಗಸು ಒಮ್ಮೆ ಆ ಕತ್ತಲೆ ಕೋಣೆಯತ್ತ ನೋಡಿ, ಬೆನ್ನು ತಿರುಗಿಸಿ, ಹಾಡು ಮುಗಿಯುವವರೆಗೂ ಊದಿದಳು. ತಗಡಕ್ಕ ಒಳಗೆ ಹೋಗಿ, ಅದುರುತ್ತಿದ್ದ ತಗಡಿಗೆ ಬೆರಳ ತುದಿ ತಾಗಿಸಿ ನಿಂತಿದ್ದಳು.

ಆಮೇಲೆ ಸ್ಟೀಲಿನ ಟ್ರಂಪೆಟ್ ಬೇಕೆಂದು ಬಂದವರಿಗೆಲ್ಲ ಅವಳದು ಒಂದೇ ಷರತ್ತು: ತಗೊಂಡು ಹೋಗುವ ಮುಂಚೆ ಇಲ್ಲೇ ಒಂದು ಪೂರ್ತಿ ಹಾಡು ಊದಬೇಕು.