ಹನ್ನೊಂದು ರಸೀತಿಯ ದೊಡ್ಡವ್ವ

ದೊಡ್ಡವ್ವನ ಬೆರಳ ತುದಿಗಳು ಹುಣಸೆ ಬೀಜದಷ್ಟು ನುಣುಪಾಗಿದ್ದವು. ವರ್ಷಗಟ್ಟಲೆ ಒಣಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಗೆರೆಗಳೆಲ್ಲ ಸವೆದುಹೋಗಿ, ರೇಷನ್ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟನ್ನು ಗುರುತಿಸುವುದನ್ನೇ ಬಿಟ್ಟಿತ್ತು. ಉಗುರಿನ ಸುತ್ತ ಮಾತ್ರ ಯಾವಾಗಲೂ ಒಂದು ಕೆಂಪು ಅಂಚು. ಸಂಜೆ ಹೊತ್ತು ಯಾರಿಗೂ ಏನನ್ನೂ ಬರಿಗೈಯಿಂದ ಕೊಡುತ್ತಿರಲಿಲ್ಲ. ದುಡ್ಡಾಗಲಿ, ಟಿಕೇಟಾಗಲಿ, ಮಕ್ಕಳಿಗೆ ಪೆಪ್ಪರಮೆಂಟಾಗಲಿ, ಸೆರಗಿನ ತುದಿಯಲ್ಲಿ ಹಿಡಿದೇ ಕೊಡುವುದು. "ನನ್ನ ಕೈ ನನಗ ರೂಢಿ ಐತಿ, ನಿಮ್ಮ ಕಣ್ಣಿಗೆ ಇಲ್ಲ" ಎನ್ನುತ್ತಿದ್ದಳು.

ಆಕೆ ನನ್ನ ಸ್ವಂತ ದೊಡ್ಡವ್ವನಲ್ಲ. ಹಲಗೇರಿ ಕಡೆಯಿಂದ ದಿನಾ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದ ಹತ್ತು ಹೆಂಗಸರ ಗುಂಪಿಗೆ ಆಕೆ ಮುಂದಾಳು. ಅವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಅಂದೆ. ನಾನಾಗ ರಾಣೇಬೆನ್ನೂರಿನ ಆಸುಪಾಸಿನ ಒಂದು ಸ್ಟೇಷನ್ನಿನಲ್ಲಿ ಟಿಕೇಟು ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಯಾವ ಸ್ಟೇಷನ್ ಎಂದು ಬರೆಯುವುದಿಲ್ಲ; ತಪ್ಪು ಸ್ಟೇಷನ್ನಿನದಲ್ಲ, ನನ್ನದು. ಟಿಕೇಟು ಕಿಟಕಿಯ ಪಕ್ಕದಲ್ಲಿದ್ದ ಆ ಯಂತ್ರದ ಗುಂಡಿ ಒತ್ತಲು ಬಾರದವರಿಗೆ ರೈಲ್ವೆಯವರು ನನಗೆ ಕೊಟ್ಟಿದ್ದ ಕಾರ್ಡು ಹಾಕಿ ಒತ್ತಿಕೊಡುವುದು ನನ್ನ ಕೆಲಸ. ಟಿಕೇಟಿಗಿಷ್ಟು ಎಂದು ಕಮಿಷನ್. ಅದು ನೌಕರಿಯೇ ಅಲ್ಲ. ಆದರೆ ನನ್ನ ಮಾವ ಕಂಡವರಿಗೆಲ್ಲ "ನಮ್ಮ ಅಳಿಯ ರೈಲ್ವೆದಾಗ ಅದಾನ" ಎಂದು ಹೇಳಿಕೊಂಡು ತಿರುಗುತ್ತಿದ್ದರು, ನಾನೂ ತಿದ್ದಲು ಹೋಗಿರಲಿಲ್ಲ. ಮೂವತ್ತರ ಹತ್ತಿರದ ವಯಸ್ಸು. ಬಿ.ಎ. ಮುಗಿಸಿ ಬಹಳ ದಿನ ಮನೆಯಲ್ಲಿ ಸುಮ್ಮನೆ ಕೂತವನಿಗೆ, ನಾಲ್ಕು ಜನ ಬಂದು ಏನಾದರೂ ಕೇಳುತ್ತಾರೆಂಬುದೇ ದೊಡ್ಡ ಸುಖ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಡುತ್ತಿದ್ದೆ.

ಬೆಳಿಗ್ಗೆ ಆ ಗುಂಪು ಸ್ಟೇಷನ್ನಿನೊಳಗೆ ಕಾಲಿಟ್ಟಿತೆಂದರೆ ಮೊದಲು ಗೊತ್ತಾಗುತ್ತಿದ್ದುದು ಮೂಗಿಗೆ. ಎಷ್ಟು ಒಗೆದರೂ ಅವರ ಸೀರೆಯೊಳಗಿನ ಘಾಟು ಹೋಗುತ್ತಿರಲಿಲ್ಲ. ಸಾಲಿನಲ್ಲಿ ನಿಂತ ಇಸ್ತ್ರಿ ಅಂಗಿಯವರು ಸೀನುತ್ತ ಅರ್ಧ ಮಾರು ಆಚೆ ಸರಿಯುತ್ತಿದ್ದರು. ದೊಡ್ಡವ್ವ ಬೇಸರ ಮಾಡಿಕೊಳ್ಳುವವಳಲ್ಲ. "ಸೀನ್ರಿ, ಸೀನ್ರಿ. ನೆಗಡಿ ಹೋಗ್ತೈತಿ, ಡಾಕ್ಟರ ಕಡೆ ಹೋಗೂದು ತಪ್ಪತೈತಿ" ಎನ್ನುತ್ತ ಮುಂದೆ ಬರುತ್ತಿದ್ದಳು. ಯಂತ್ರ ಒಂದು ಸಲಕ್ಕೆ ನಾಲ್ಕು ಮಂದಿಗಿಂತ ಹೆಚ್ಚು ಒಪ್ಪುತ್ತಿರಲಿಲ್ಲ. ಹಾಗಾಗಿ ಹನ್ನೊಂದು ಮಂದಿಗೆ ಮೂರು ಚೀಟಿ, ಹೋಗಿಬರುವುದಕ್ಕೆ ಸೇರಿಸಿ. ಮೂರನ್ನೂ ತಾನೇ ಇಟ್ಟುಕೊಳ್ಳುವಳು.

ಬ್ಯಾಡಗಿಯ ದಲಾಲಿ ಅಂಗಡಿಗಳಲ್ಲಿ ಆಕೆಯ ಗುಂಪಿಗೆ ಒಂದು ಹೆಸರಿತ್ತು. ತೊಟ್ಟು ಬಿಡಿಸಿ ತುಂಬಿದ ಪ್ರತಿ ಚೀಲದ ಬಾಯಿಗೆ ಆಕೆ ತನ್ನ ಹಳೆಯ ಹಸಿರು ಸೀರೆಯ ಒಂದು ಚಿಂದಿ ಕಟ್ಟುತ್ತಿದ್ದಳು. ಕಾಯಿಯಲ್ಲಿ ತೊಟ್ಟು ಉಳಿದಿದೆ ಎಂದು ಕೊಂಡವರು ತಕರಾರು ತೆಗೆದರೆ ಆ ಚೀಲ ಯಾರ ಕೈಯದು ಎಂದು ಹುಡುಕುವ ಪ್ರಶ್ನೆಯೇ ಇಲ್ಲ. ಹಸಿರು ಚಿಂದಿ ಇದ್ದರೆ ಅದು ದೊಡ್ಡವ್ವನ ಗುಂಪಿನದು. ಹನ್ನೊಂದೂ ಮಂದಿ ಕೂಲಿಯಿಲ್ಲದೆ ಮತ್ತೊಮ್ಮೆ ಕೂತು ಬಿಡಿಸಿಕೊಡುವುದು. ಬೇರೆ ಗುಂಪಿನವರು ಇದನ್ನು ಶುದ್ಧ ಹುಚ್ಚು ಎಂದು ಆಡಿಕೊಳ್ಳುತ್ತಿದ್ದರು. ಯಾರೂ ಕಟ್ಟದ ಗುರುತನ್ನು ತಾವಾಗಿಯೇ ಕಟ್ಟಿಕೊಂಡು ಯಾರಾದರೂ ಸಿಕ್ಕಿಹಾಕಿಕೊಳ್ಳುತ್ತಾರೆಯೇ ಎಂದು ನಾನೂ ನಕ್ಕಿದ್ದೆ.

ಒಂದು ದಿನ ಹಳಿ ರಿಪೇರಿಗಾಗಿ ಸಂಜೆಯ ಪ್ಯಾಸೆಂಜರ್ ಗಾಡಿ ಇಲ್ಲ ಎಂದು ಬೆಳಿಗ್ಗೆಯೇ ಬೋರ್ಡಿನ ಮೇಲೆ ಬರೆದಿದ್ದರು. ನಾನು ಎಂದಿನಂತೆ ಪ್ಯಾಸೆಂಜರಿನ ಟಿಕೇಟನ್ನೇ ಒತ್ತಿಕೊಟ್ಟೆ. ದೊಡ್ಡವ್ವ ಚೀಟಿ ಹಿಡಿದುಕೊಂಡು ಅಲ್ಲೇ ನಿಂತಳು.

"ತಮ್ಮಾ, ಸಂಜಿ ಗಾಡಿ ಇಲ್ಲಂತ. ಅದರ ಹಿಂದ ಬರೂ ಎಕ್ಸ್‌ಪ್ರೆಸ್ಸಿಗೆ ಈ ಟಿಕೇಟ ನಡೀತೈತೇನ?"

ನನಗೆ ಗೊತ್ತಿರಲಿಲ್ಲ. ಪ್ಯಾಸೆಂಜರಿಗೆ ಒಂದು ದರ, ಎಕ್ಸ್‌ಪ್ರೆಸ್ಸಿಗೆ ಬೇರೆ ದರ ಎಂಬುದು ಗೊತ್ತಿತ್ತು. ಗಾಡಿ ರದ್ದಾದ ದಿನ ಏನು ಮಾಡುತ್ತಾರೆ ಎಂಬುದು ಗೊತ್ತಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ಕಿಟಕಿಯಲ್ಲಿ ಕೇಳಬಹುದಿತ್ತು. ಆದರೆ ಹಿಂದೆ ಸಾಲು ಬೆಳೆದಿತ್ತು, ಒಬ್ಬರು ಆಗಲೇ ಗೊಣಗುತ್ತಿದ್ದರು.

"ನಡೀತೈತಿ ದೊಡ್ಡವ್ವ, ಹೋಗ್ರಿ" ಎಂದೆ.

ಸಂಜೆ ಎಕ್ಸ್‌ಪ್ರೆಸ್ಸಿನಿಂದ ಇಳಿದ ಹನ್ನೊಂದು ಮಂದಿಯನ್ನೂ ಟಿಕೇಟು ತಪಾಸಣೆಯವರು ಗೇಟಿನಲ್ಲೇ ನಿಲ್ಲಿಸಿದರು. ಪ್ಯಾಸೆಂಜರಿನ ಟಿಕೇಟು ಆ ಗಾಡಿಗೆ ನಡೆಯುವುದಿಲ್ಲ, ದರದ ವ್ಯತ್ಯಾಸ ಕಟ್ಟಬೇಕು, ಅದರ ಮೇಲೆ ದಂಡ ಕಟ್ಟಬೇಕು ಎಂದರು. ಒಬ್ಬೊಬ್ಬರಿಗೂ ಹೆಚ್ಚುಕಡಿಮೆ ಒಂದು ದಿನದ ದುಡಿಮೆ. ತಪಾಸಣೆಯವರು ಒರಟರೇನಲ್ಲ, ಪುಸ್ತಕ ತೆಗೆದು ನಿಯಮ ತೋರಿಸಿದರು.

"ಟಿಕೇಟ ಕೊಟ್ಟಾವ್ರು ನಡೀತೈತಿ ಅಂದಾರ್ರಿ" ಎಂದಳು ದೊಡ್ಡವ್ವ.

"ಯಾರು ಅಂದಾರ?"

ನಾನು ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಯಂತ್ರದ ಮುಂದೆ ನಿಂತಿದ್ದೆ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ತಪಾಸಣೆಯವರು ಅಲ್ಲಿಂದಲೇ ಕೇಳಿದರು, "ಏನಪಾ, ನೀ ಹೇಳೀಯೇನು?"

"ಇಲ್ರಿ ಸರ, ನಾ ಬರೇ ಟಿಕೇಟ ಒತ್ತಿ ಕೊಡಾವ."

ಅಷ್ಟು ಸಲೀಸಾಗಿ ಬಂದುಬಿಟ್ಟಿತು ಆ ಮಾತು. ಹೆಂಡತಿಗೆ ಏಳು ತಿಂಗಳು, ಕಾರ್ಡು ಕಸಿದುಕೊಂಡರೆ ಮುಂದೇನು ಗತಿ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಹೆಂಡತಿಯೂ ನೆನಪಿರಲಿಲ್ಲ, ಹುಟ್ಟಬೇಕಾದ ಕೂಸೂ ನೆನಪಿರಲಿಲ್ಲ. ಬರೀ ಅಂಜಿಕೆ. ದೊಡ್ಡವ್ವ ನನ್ನನ್ನು ಒಮ್ಮೆ ನೋಡಿದಳು, ಮತ್ತೆ ವಾದ ಮಾಡಲಿಲ್ಲ. ಅಂಗಡಿಯಲ್ಲಿ ಅಂದು ಕೊಟ್ಟಿದ್ದ ಗುಂಪಿನ ಕೂಲಿಯಿಂದಲೇ ಎಲ್ಲರದನ್ನೂ ಕಟ್ಟಿದಳು. ತಪಾಸಣೆಯವರು ಒಂದೇ ರಸೀತಿಯಲ್ಲಿ ಎಲ್ಲವನ್ನೂ ಬರೆದು ಮುಗಿಸಲು ಹೊರಟಾಗ ಮಾತ್ರ ಕೈ ಅಡ್ಡ ಹಿಡಿದಳು.

"ಹನ್ನೊಂದು ಬರೀರಿ ಸಾಹೇಬ್ರ. ಹನ್ನೊಂದು ಮನಿ, ಹನ್ನೊಂದು ಒಲಿ ಅದಾವು."

ಅವರು ಆಕೆಯ ಮುಖ ನೋಡಿ ಹನ್ನೊಂದನ್ನೂ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ದೊಡ್ಡವ್ವ ಗುಂಪನ್ನು ಗಾಡಿ ಹತ್ತಿಸಿ ತಾನು ಉಳಿದಳು. ಸ್ಟೇಷನ್ ಮಾಸ್ತರರ ಕೋಣೆಯಿಂದ ದೂರಿನ ಪುಸ್ತಕ ಇಸಿದುಕೊಂಡು ನೇರ ನನ್ನ ಕಡೆಗೇ ಬಂದಳು.

"ನನಗ ಸಹಿ ಅಷ್ಟ ಬರತೈತಿ. ನೀ ಬರಿ."

ಇಷ್ಟು ಜನರಲ್ಲಿ ಬರೆಯಲು ನಾನೇ ಬೇಕಿತ್ತೇ ಎಂದು ಕೇಳುವ ಮುಖ ನನಗಿರಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಬರೆದೆ. ಕಟ್ಟಿದ ದುಡ್ಡನ್ನೆಲ್ಲ ಹಿಂದಿರುಗಿಸಬೇಕು ಎಂದು ತುಸು ಜೋರಾಗಿಯೇ ಬರೆದಿದ್ದೆ. ಓದಿಸಿ ಕೇಳಿದವಳು ತಲೆ ಅಲ್ಲಾಡಿಸಿದಳು.

"ಹಂಗಲ್ಲ. ದೊಡ್ಡ ಗಾಡಿ ಹತ್ತಿದ್ದು ಖರೇ ಐತಿ. ಅದರ ರೊಕ್ಕ ಅವರದು, ಇಟ್ಕೊಳ್ಳಲಿ. ದಂಡ ಯಾಕ? ಕದ್ದು ಹತ್ತೇವೇನು? ಕೇಳಿ ಹತ್ತೇವಿ. ದಂಡದ್ದಷ್ಟ ಬರಿ."

ಹೊಡೆದುಹಾಕಿ ಮತ್ತೆ ಬರೆದೆ. 'ಟಿಕೇಟು ಕೊಟ್ಟವರು ನಡೆಯುತ್ತದೆ ಎಂದು ಹೇಳಿದ್ದರಿಂದ' ಎನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಇಲ್ಲಿ ಹೆಸರ ಹಾಕಬೇಕೇನ್ರಿ?" ಎಂದೆ.

"ನಾ ಹಾಕ್ಸಂಗಿಲ್ಲ. ನಮ್ಮ ಚೀಲಕ್ಕ ನಮ್ಮ ಚಿಂದಿ ನಾವ ಕಟ್ಟತೇವಿ ತಮ್ಮಾ, ಮಂದಿ ಬಂದು ಕಟ್ಟೂದಿಲ್ಲ." ನಿಂತ ಪೆನ್ನಿನ ಕಡೆ ನೋಡುತ್ತ ಕೇಳಿದಳು, "ಗೊತ್ತಿಲ್ಲ ಅನ್ನಾಕ ನಿನಗೇನ ತ್ರಾಸ ಇತ್ತು?"

ನಾನು ತಲೆ ತಗ್ಗಿಸಿ ಉಳಿದ ಸಾಲುಗಳನ್ನು ಬರೆದು ಮುಗಿಸಿದೆ. ಹೆಸರು ಹಾಕಲಿಲ್ಲ. ಅಂದು ಹಾಕಲಿಲ್ಲ ಎಂಬುದನ್ನು ಇಲ್ಲಿ ಬರೆಯದೆ ಮುಂದೆ ಹೋಗುವಂತಿಲ್ಲ.

ಆಮೇಲೂ ಆಕೆ ದಿನಾ ನನ್ನ ಬಳಿಯೇ ಟಿಕೇಟು ತೆಗೆಸಿದಳು. ಏನಾದರೂ ಕೇಳುವುದಿದ್ದರೆ ಮೊದಲು, "ಗೊತ್ತಿದ್ದು ಹೇಳ್ತೀಯೊ, ಹಿಂದಿನ ಸಾಲು ಕರಗಸಾಕ ಹೇಳ್ತೀಯೊ?" ಎನ್ನುವಳು. ಹಿಂದಿದ್ದವರು ನಗುತ್ತಿದ್ದರು, ನಾನೂ ನಕ್ಕಂತೆ ಮಾಡುತ್ತಿದ್ದೆ. ದೂರಿಗೆ ಉತ್ತರ ಬರಲು ಎರಡು ತಿಂಗಳಾಯಿತು. ಆ ಸಲಹೆ ಯಾರು ಕೊಟ್ಟರು ಎಂಬುದಕ್ಕೆ ಆಧಾರವಿಲ್ಲ, ವಸೂಲಿ ನಿಯಮದಂತೆಯೇ ಆಗಿದೆ ಎಂದಿತ್ತು. ನಾನೇ ಓದಿ ಹೇಳಿದೆ. "ಹೌದಲ್ಲ, ಆಧಾರ ಎಲ್ಲೈತಿ" ಎಂದು ಕಾಗದ ಮಡಚಿಕೊಂಡಳು.

ಅದಕ್ಕಿಂತ ಕೆಟ್ಟದ್ದು ಗುಂಪಿನಲ್ಲಿ ಆಗುತ್ತಿತ್ತು. ನಾನು ಹಾಗೆ ಹೇಳಿಯೇ ಇಲ್ಲವೇನೋ, ದೊಡ್ಡವ್ವನಿಗೆ ವಯಸ್ಸಾಯಿತು, ಏನು ಕೇಳಿ ಏನು ತಿಳಿದುಕೊಂಡಳೋ ಎಂಬ ಮಾತು ಹುಟ್ಟಿತ್ತು. ಟಿಕೇಟು ತೆಗೆಯುವಾಗ ಆಕೆಯ ಹಿಂದೆ ದೂರ ನಿಂತವರಿಗೆ ನನ್ನ ಮಾತು ಕೇಳಿಸಿರಲಿಲ್ಲ. ಇಬ್ಬರು ಬೇರೆ ಗುಂಪು ಸೇರಿದರು. ಒಂದು ಬೆಳಿಗ್ಗೆ ದೊಡ್ಡವ್ವ ಬಂದು "ಒಂಬತ್ತು ಕೊಡು" ಅಂದಳು. ಯಂತ್ರದಲ್ಲಿ ನಾಲ್ಕು, ನಾಲ್ಕು, ಒಂದು ಎಂದು ಒತ್ತಿದೆ. ನಾಲ್ಕು ಅಕ್ಷರ ಬಲ್ಲವನು ನಾನು. ನನ್ನ ಸುಳ್ಳು ಆ ಹೆಂಗಸಿನ ಕಿವಿಯ ತಪ್ಪಾಗಿ ಹೋಗಿತ್ತು. ಬಾಳಿನಲ್ಲಿ ನನ್ನ ಮೇಲೆ ನನಗೆ ಅಷ್ಟು ಹೇಸಿಗೆಯಾದದ್ದು ಮತ್ತೊಮ್ಮೆ ಇಲ್ಲ.

"ದೊಡ್ಡವ್ವ, ನಾಳೆ ಹಾವೇರಿಗೆ ಹೋಗೂಣು ಬರ್ರಿ" ಎಂದೆ. ಯಾಕೆ ಎಂದು ಆಕೆ ಕೇಳಲಿಲ್ಲ.

ಹಾವೇರಿಯ ಕೋರ್ಟಿನ ಅಂಗಳದಲ್ಲಿ ಬಾಂಡ್ ಪೇಪರಿನ ಮೇಲೆ ಹೇಳಿಕೆ ಟೈಪು ಮಾಡಿಸಿದೆ. ಇಂಥ ದಿನ ಇಂಥವರು ಕೇಳಿದಾಗ ನಡೆಯುತ್ತದೆ ಎಂದು ಹೇಳಿದವನು ನಾನೇ. ಸಂಜೆ ಹೇಳಿಲ್ಲ ಎಂದು ಸುಳ್ಳು ಹೇಳಿದವನೂ ನಾನೇ. ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

"ಯಾಕ್ರೀ, ನಿಮ್ಮ ಕಾಲ ಮ್ಯಾಲ ನೀವ ಕಲ್ಲ ಹಾಕ್ಕೊಳ್ಳಾಕತ್ತೀರಿ?"

"ಹಾಕ್ಕೊಳ್ಳಲಿ ಬಿಡ್ರಿ" ಎಂದಳು ದೊಡ್ಡವ್ವ. "ಕಲ್ಲೂ ಅವಂದ, ಕಾಲೂ ಅವಂದ."

ಕೆಲಸ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಆಕೆಯೇ ಮಂಡಕ್ಕಿ, ಮಿರ್ಚಿ ಭಜಿ ಕೊಡಿಸಿದಳು. ಮಿರ್ಚಿಯನ್ನು ತೊಟ್ಟು ಹಿಡಿದು ಎತ್ತಿ, "ತೊಟ್ಟ ಬಿಡಿಸಿಲ್ಲ ನೋಡು, ಯಾವ ಗುಂಪಿನಾಕಿಯೋ" ಎಂದು ಗಂಭೀರವಾಗಿ ಪರೀಕ್ಷೆ ಮಾಡಿದಳು. ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ತುಂಬ ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಮಿರ್ಚಿ ಖಾರ ಎಂದೆ. ಆಕೆ ಒಪ್ಪಿಕೊಂಡಳು.

ಆ ಹೇಳಿಕೆ ದೂರಿನೊಂದಿಗೆ ಮತ್ತೆ ಮೇಲೆ ಹೋಯಿತು. ದಂಡದ ಹಣವನ್ನು ಹನ್ನೊಂದು ಮಂದಿಗೂ ವಾಪಸು ಕೊಟ್ಟರು. ನನ್ನ ಕಾರ್ಡನ್ನು ತೆಗೆದುಕೊಂಡರು, ಅದೂ ನ್ಯಾಯವೇ. ಹೋದ ಇಬ್ಬರೂ ಗುಂಪಿಗೆ ಮರಳಿದರು. ಮಾವನವರು ಮಾತ್ರ ಮೊಮ್ಮಗಳ ತೊಟ್ಟಿಲಿಗೆ ಬಂದಾಗಲೂ ನನ್ನೊಂದಿಗೆ ಮಾತಾಡಲಿಲ್ಲ.

ತೊಟ್ಟಿಲು ಮುಗಿದ ವಾರದಲ್ಲೇ ದೊಡ್ಡವ್ವ ನನ್ನನ್ನು ಬ್ಯಾಡಗಿಗೆ ಕರೆದುಕೊಂಡು ಹೋಗಿ ಒಂದು ದಲಾಲಿ ಅಂಗಡಿಯ ಮಾಲೀಕರ ಎದುರು ನಿಲ್ಲಿಸಿದಳು. "ಚೀಲ ಬರಕೊಳ್ಳಾಕ ಒಬ್ಬಾಂವ ಬೇಕಂದಿದ್ರೆಲ್ಲ, ಇಂವನ್ನ ಇಟ್ಕೊಳ್ರಿ. ತಪ್ಪ ಮಾಡ್ತಾನ. ಮಾಡಿದ್ರ, ಮಾಡೇನಿ ಅಂತ ಬರದು ಕೊಡ್ತಾನ."

ಇಂಥ ಶಿಫಾರಸನ್ನು ಮಾಲೀಕರು ಎಂದೂ ಕೇಳಿರಲಿಲ್ಲವಂತೆ. ನಕ್ಕು ಇಟ್ಟುಕೊಂಡರು. ಇಂದಿಗೂ ಅಲ್ಲೇ ಇದ್ದೇನೆ. ಮುಂದಿನ ವಾರ ದರ ಏರುತ್ತದೆಯೇ ಎಂದು ರೈತರು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಗಿರಾಕಿಗಳ ಮುಂದೆ ಹಾಗೆನ್ನಬೇಡ ಎಂದು ಮಾಲೀಕರು ಗೊಣಗುತ್ತಾರೆ. ಆದರೆ ಈಗೀಗ ಮೋಟೆಬೆನ್ನೂರು ಕಡೆಯ ಕೆಲವು ರೈತರು ನನ್ನನ್ನೇ ಹುಡುಕಿಕೊಂಡು ಬಂದು ಕೇಳುತ್ತಾರೆ.

ಕೊನೆಯ ವರ್ಷಗಳಲ್ಲಿ ಮೆಣಸಿನ ಧೂಳು ದೊಡ್ಡವ್ವನ ಎದೆಗೆ ಹೊಕ್ಕಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿರಿ ಎಂದರೆ, "ಮಾತಾಡಾಕ ಬರೂದಿಲ್ಲ" ಎಂದು ಕಿತ್ತುಹಾಕುತ್ತಿದ್ದಳು. ಈ ವಿಷಯದಲ್ಲಿ ಆಕೆ ಯಾರ ಮಾತನ್ನೂ ಕೇಳಲಿಲ್ಲ, ನಾನೂ ಜಗಳ ತೆಗೆದು ಹೇಳಬೇಕಿತ್ತು, ಹೇಳಲಿಲ್ಲ. ಕೆಲಸ ಬಿಟ್ಟ ಮೇಲೆ ಒಂದು ಸುಗ್ಗಿಯನ್ನೂ ಪೂರ್ತಿ ನೋಡಲಿಲ್ಲ.

ಸುದ್ದಿ ಕೇಳಿ ಊರಿಗೆ ಹೋದಾಗ ಅಂಗಳದಲ್ಲಿ ಎತ್ತುವ ತಯಾರಿ ನಡೆದಿತ್ತು. ಗುಂಪಿನ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ನಾನು ಗಂಡಸರ ನಡುವೆ ಒಂದು ಬದಿಗೆ ನಿಂತೆ. ಕುಪ್ಪೇಲೂರಿನಿಂದ ಬಂದಿದ್ದ ದೊಡ್ಡವ್ವನ ತಮ್ಮ ಪರಿಚಯವಿಲ್ಲದ ಮುಖ ಕಂಡು ಹತ್ತಿರ ಬಂದರು.

"ಗುರುತ ಹತ್ತಲಿಲ್ರಿ. ನಮ್ಮ ಅಕ್ಕಗ ಏನಾಗಬೇಕು ನೀವು?"

"ಏನೂ ಆಗಬೇಕಿಲ್ರಿ" ಎಂದೆ. "ಟಿಕೇಟಿನ ವಿಷಯದಾಗ ಅವರಿಗೆ ಸುಳ್ಳ ಹೇಳಿದಾಂವ ನಾನ."

ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವನ ಮಗಳಿಗೆ ಅದು ಕೇಳಿಸಿತು. "ಮಾಮಾ, ಖರೇ ಬರದುಕೊಟ್ಟಾಂವ ಒಬ್ಬಾಂವ ಅದಾನ ಅಂತ ಅವ್ವ ಹೇಳತಿದ್ಲಲ್ಲ, ಅವರ ಇವರು" ಎಂದಳು.

 ಅವರು ಚಟ್ಟದ ಬಳಿ ಹೋಗಿ, ಪಕ್ಕದವರನ್ನು ಸರಿಸಿ ತಮ್ಮ ಹಿಂದೆ ಒಬ್ಬರಿಗೆ ಜಾಗ ಮಾಡಿದರು.

"ಬರ್ರಿ, ಹೆಗಲ ಕೊಡ್ರಿ" ಅಂದರು.

ನಾನು ಚಪ್ಪಲಿ ಕಳಚಿಟ್ಟು ಹೋದೆ.